ಹನ್ನೆರಡು ಟೇಬಲಿನ ವಿದ್ಯಾರ್ಥಿ

ಬೆಂಚು ಒರೆಸಿ ಕುಳಿತುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎದ್ದು ಹೋಗುವಾಗ ಒರೆಸಿ ಹೋದವರು ಒಬ್ಬರೇ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಬೆಂಚಿನ ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಮತ್ತೆ ಮಡಚಿ ಜೇಬಿಗೆ. ಮುಂದೆ ಬಂದು ಕೂರುವವರಿಗೆ ಇಲ್ಲಿ ಮೊದಲು ಯಾರೋ ಇದ್ದರು ಅನ್ನಿಸಬಾರದು ಎಂಬುದು ಅವರ ಸಿದ್ಧಾಂತ. ಕಳೆದ ತಿಂಗಳು ಮುಂಬಯಿಯ ಹೊರವಲಯದ ಟಿಟ್ವಾಳಾದಿಂದ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಅಂದಾಗ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಅವರ ಮುಖವಲ್ಲ, ಆ ಒರೆಸುವ ಕೈ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. "ಹೋಟ್ಲಲ್ಲಿ ನಮ್ಮ ಹೆಸ್ರು ಕೇಳುವವ ಜಗಳಕ್ಕೆ ಬಂದವ ಮೇಡಂ. ಇಲ್ದಿದ್ರೆ ಎಲ್ಲರಿಗೂ ನಾವು ಅಣ್ಣ" ಅನ್ನುತ್ತಿದ್ದರು. ಠಾಣೆಯಿಂದ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಿದರೆ ಸಿಗುವ ಕಳವಾ ಎಂಬಲ್ಲಿ, ಸ್ಟೇಶನ್ನಿನಿಂದ ಐದು ನಿಮಿಷದ ದಾರಿಯಲ್ಲಿದ್ದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಅವರು ಹೆಡ್ ವೇಟರ್. ಊರು ಉಡುಪಿಯ ಹತ್ತಿರ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದು ಶೋಭೆಗೆ ಮಾತ್ರ. ಆ ಪೆನ್ಸಿಲಿನಿಂದ ಅವರು ಒಂದಕ್ಷರ ಬರೆದದ್ದನ್ನು ಆ ಹೋಟೆಲಿನಲ್ಲಿ ಯಾರೂ ಕಂಡಿರಲಿಲ್ಲ.

ಎರಡು ಸಾವಿರದ ನಾಲ್ಕೈದರ ಮಾತು. ನಾನಾಗ ಠಾಣೆಯ ಒಂದು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಗುತ್ತಿಗೆ ಉಪನ್ಯಾಸಕಿ. ಅಲ್ಲಿ ವಿಶ್ವವಿದ್ಯಾಲಯದ ನಿರಂತರ ಶಿಕ್ಷಣ ವಿಭಾಗ ಎಂಬುದೊಂದಿತ್ತು. ಡಿಗ್ರಿ ಬೇಡ, ಯಾವುದಾದರೂ ಒಂದು ವಿಷಯ ಕಲಿತರೆ ಸಾಕು ಅನ್ನುವವರಿಗೆ ಶನಿವಾರ ಮಧ್ಯಾಹ್ನ ಪಾಠ. ವಯಸ್ಸು ಕೇಳುವುದಿಲ್ಲ, ಹಳೆಯ ಅಂಕಪಟ್ಟಿ ಕೇಳುವುದಿಲ್ಲ. ಕೊನೆಗೆ ಪರೀಕ್ಷೆ ಉಂಟು, ಬೇಕಾದವರು ಬರೆಯಬಹುದು, ಬೇಡದವರು ಕೇಳಿದಷ್ಟೇ ಲಾಭ ಎಂದು ಮನೆಗೆ ಹೋಗಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ 'ಪಿಕ್‌ನಿಕ್ ಬ್ಯಾಚ್' ಎಂದು ಹೆಸರು. ಕಾಯಂ ನೌಕರಿಯವರು ಯಾರೂ ಶನಿವಾರ ಬಿಟ್ಟುಕೊಡಲು ತಯಾರಿಲ್ಲದ್ದರಿಂದ 'ನಮ್ಮ ನೆಲ, ನಮ್ಮ ನೀರು' ಎಂಬ ಕೋರ್ಸು ನನ್ನ ಕೊರಳಿಗೆ ಬಿತ್ತು.

ನನಗೆ ಇಪ್ಪತ್ತಾರು ವರ್ಷ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗೆ ನಾನು ಡೊಂಬಿವಲಿಯ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಪಾಠ ಅಭ್ಯಾಸ ಮಾಡಿ, ಸೀರೆಗೆ ಆರು ಪಿನ್ನು ಚುಚ್ಚಿಕೊಂಡು ಹೋಗಿದ್ದೆ. ಎದುರಿಗೆ ಕುಳಿತವರೆಲ್ಲ ನನಗಿಂತ ದೊಡ್ಡವರು. ನಿವೃತ್ತ ಬ್ಯಾಂಕಿನವರು, ಇಬ್ಬರು ಶಾಲಾ ಶಿಕ್ಷಕಿಯರು, ಹೌಸಿಂಗ್ ಸೊಸೈಟಿಯ ನೀರಿನ ಜಗಳದಿಂದ ಬೇಸತ್ತು ಬಂದಿದ್ದ ಒಬ್ಬ ಸೆಕ್ರೆಟರಿ. ಹಿಂದಿನ ಬೆಂಚಿನಲ್ಲಿ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್, ಪುಸ್ತಕ ಇಲ್ಲ.

ನಾನು ಮರಾಠಿ, ಇಂಗ್ಲಿಷ್ ಬೆರೆಸಿ ಶುರು ಮಾಡಿದೆ. ಸಹ್ಯಾದ್ರಿಯ ಕಪ್ಪು ಕಲ್ಲು ಲಾವಾದಿಂದ ಆದದ್ದು ಅಂದೆ. ಹಿಂದಿನಿಂದ ಸಣ್ಣ ದನಿಯಲ್ಲಿ "ಕಪ್ಪು ಕಲ್ಲು, ಲಾವಾ" ಎಂದು ಕೇಳಿತು. ಒಂದರ ಮೇಲೊಂದು ಪದರವಾಗಿ ಹರಿಯಿತು ಅಂದೆ. "ಒಂದರ ಮೇಲೊಂದು, ಪದರ." ನಾನು ಏನು ಹೇಳಿದರೂ ಅದರ ಬಾಲ ಹಿಡಿದು ಆ ದನಿ ಬರುತ್ತಿತ್ತು. ಶಿಕ್ಷಕಿಯರು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ನನ್ನನ್ನು ಅಣಕಿಸುತ್ತಿದ್ದಾನೆ!

"ಎಂತ ಅದು?" ಅಂದುಬಿಟ್ಟು, ನಂತರ ಬಾಗಿಲು ತೋರಿಸಿ "ಗೆಟ್ ಔಟ್" ಅಂದೆ.

ಅವರು ಎದ್ದರು. ಬೆಂಚು ಒರೆಸಿದರು. "ಸಾರಿ ಮೇಡಂ" ಎಂದು ಹೊರಗೆ ಹೋದರು. ಹೋದವರು ಮನೆಗೆ ಹೋಗಲಿಲ್ಲ. ಕಾರಿಡಾರಿನಲ್ಲಿ ಕಿಟಕಿಯ ಪಕ್ಕ, ಕೈ ಹಿಂದೆ ಕಟ್ಟಿಕೊಂಡು, ಮಿಕ್ಕ ಒಂದೂವರೆ ಗಂಟೆ ನಿಂತೇ ಪಾಠ ಕೇಳಿದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಪಾಠ ಮುಗಿದು ಹೊರಬಂದಾಗ ಎದುರಿಗೆ ಬಂದರು. "ಮೇಡಂ, ನೀವು ಊರಿನವ್ರಾ? ಇಂಗ್ಲಿಷಲ್ಲಿ ಹೊರಗೆ ಹಾಕಿದ್ರಿ. ಆದ್ರೆ ಹಾಕುವ ಮೊದ್ಲು 'ಎಂತ' ಅಂದ್ರಲ್ಲ, ಅದಕ್ಕೆ ಕೇಳಿದ್ದು."

ಹೌದೆಂದು ತಲೆಯಾಡಿಸಿದೆ.

"ನಾನು ತಮಾಷೆ ಮಾಡಿದ್ದಲ್ಲ. ಗಿರಾಕಿ ಹೇಳಿದ್ದನ್ನು ನಾವು ಒಮ್ಮೆ ವಾಪಸ್ ಹೇಳ್ಬೇಕು, ಇಲ್ದಿದ್ರೆ ಆರ್ಡರ್ ತಪ್ತದೆ. ಮೂವತ್ತು ವರ್ಷದ ಅಭ್ಯಾಸ, ಬಾಯಿ ಕೇಳೂದಿಲ್ಲ. ಒಂದು ಮಾತು ಮಾತ್ರ ಕೇಳ್ಲಿಕ್ಕುಂಟು. ನಾಲ್ಕನೇ ಟೇಬಲ್ಲಿಗೆ ನೀವು ಆರೂವರೆ ಕೋಟಿ ವರ್ಷ ಅಂದ್ರಿ. ಒಂಬತ್ತಕ್ಕೆ ಬರುವಾಗ ಐದೂವರೆ ಕೋಟಿ ಆಯ್ತು. ಒಳಗೆ ಯಾವುದು ಹೇಳ್ಲಿ?"

ಆಮೇಲೆ ಅರ್ಥವಾಯಿತು. ಅವರ ಹೋಟೆಲಿನಲ್ಲಿ ಹನ್ನೆರಡು ಟೇಬಲು. ಯಾರಿಗೆ ಏನು ಎಂದು ಬರೆದುಕೊಳ್ಳದೆ ಒಳಗೆ ಹೋಗಿ ಅಡುಗೆಯ ಭಟ್ಟರಿಗೆ ಹೇಳುವುದು ಅವರ ಹೆಮ್ಮೆ. ನನ್ನ ಪಾಠವನ್ನೂ ಹಾಗೆಯೇ ಮನಸ್ಸಿನಲ್ಲಿ ಹನ್ನೆರಡು ಟೇಬಲುಗಳಿಗೆ ಹಂಚಿ ಕೂರಿಸಿದ್ದರು. ಅಲ್ಲೇ ನಿಂತು ಒಂದರಿಂದ ಹನ್ನೆರಡರವರೆಗೆ ಒಪ್ಪಿಸಿದರು. ಎರಡು ಗಂಟೆಯ ಪಾಠ ಐದು ನಿಮಿಷದಲ್ಲಿ, ಒಂದೂ ಹಿಂದೆಮುಂದಾಗದೆ ಬಂತು. ತಪ್ಪಿದ್ದದ್ದು ನನ್ನದೇ, ಒಂಬತ್ತನೆಯ ಟೇಬಲಿನದು. ಆರೂವರೆಯೇ ಸರಿ ಎಂದು ಒಪ್ಪಿಕೊಂಡೆ. "ಹಾಗಾದ್ರೆ ಒಂಬತ್ತರದ್ದು ಕ್ಯಾನ್ಸಲ್" ಎಂದು ಐದಕ್ಕೆ ಸರಿಯಾಗಿ ಓಡಿದರು, ಯಾಕೆಂದರೆ ಐದೂಕಾಲಿಗೆ ಕಳವಾದಲ್ಲಿ ಸಂಜೆಯ ಚಹಾದ ಗರ್ದಿ. ನಾನು ಕ್ಷಮೆ ಕೇಳಲಿಲ್ಲ. ಮುಂದಿನ ಶನಿವಾರ ಅವರಿಗೆ ಮೊದಲ ಬೆಂಚು ತೋರಿಸಿದೆ. ಅಷ್ಟೇ ನನ್ನ ಕ್ಷಮಾಪಣೆ. ಅವರು ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು.

ಅಂದಿನಿಂದ ನನ್ನ ತರಗತಿಯಲ್ಲಿ ಆ ಮರುದನಿ ಕಾಯಂ ಆಯಿತು. ನಾನು ಹೇಳಿದ್ದು ಸ್ಪಷ್ಟವಿದ್ದರೆ ಅದು ಕೂಡಲೇ ಬರುತ್ತಿತ್ತು. ಅಸ್ಪಷ್ಟವಿದ್ದರೆ ಬರುತ್ತಿರಲಿಲ್ಲ. ಬರದೇ ಹೋದಾಗ ನಾನು ಮತ್ತೊಮ್ಮೆ ಹೇಳುತ್ತಿದ್ದೆ. ನನಗೆ ಪಾಠ ಮಾಡಲು ಕಲಿಸಿದ್ದು ಬಿ.ಎಡ್. ಅಲ್ಲ, ಆ ಬೆಂಚಿನ ಮೌನ.

ಹೊರಗೆ ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಒಮ್ಮೆ ತರಗತಿಯಲ್ಲೂ ಬಾಯಿ ತಪ್ಪಿ ಬಂತು. ಪಾಠವಾದ ಮೇಲೆ ಹತ್ತಿರ ಬಂದು, "ಇಲ್ಲಿ ಅಣ್ಣ ಬೇಡ ಮೇಡಂ. ಅಣ್ಣ ಅಂತ ಕರೆಸ್ಕೊಳ್ಲಿಕ್ಕೆ ಕಳವಾದಲ್ಲಿ ಬೇಕಾದಷ್ಟು ಜಾಗ ಉಂಟು. ಇಲ್ಲಿ ಹಾಜರಿ ಕರೀರಿ, ನಾನು 'ಯಸ್ ಮೇಡಂ' ಅಂತೇನೆ. ಅದು ಹೇಳ್ಲಿಕ್ಕೇ ನಾನು ಬರೂದು" ಅಂದರು.

ಅವರು ಬಂದದ್ದು ಒಂದು ಪ್ರಶ್ನೆ ಹಿಡಿದುಕೊಂಡು. ಹೋಟೆಲಿನ ಹಿಂದೆ ಬಾವಿಯಿತ್ತು. ಮೊದಲೆಲ್ಲ ಸಿಹಿನೀರು, ಈಚೆಗೆ ಉಪ್ಪುಪ್ಪು. ಚಹಾ ಕೆಡುತ್ತಿತ್ತು; ಹಾಲಿಗೆ ಒಂದು ತೊಟ್ಟು ನೀರು ಹಾಕಲೂ ಬಿಡದ ಅವರಿಗೆ ಅದು ಸಹನೆಯಾಗುತ್ತಿರಲಿಲ್ಲ. ಮಾಲಕರು ಇನ್ನೂ ಆಳಕ್ಕೆ ಬೋರ್ ಹೊಡೆಸುವ ಯೋಚನೆಯಲ್ಲಿದ್ದರು. ಸುತ್ತಮುತ್ತಲಿನವರೆಲ್ಲ ನೆಲದ ಸಿಹಿನೀರನ್ನು ಎಳೆದು ಬರಿದು ಮಾಡಿದರೆ ಆ ಜಾಗಕ್ಕೆ ಖಾಡಿಯ ಉಪ್ಪುನೀರು ನುಗ್ಗುತ್ತದೆ, ಆಳಕ್ಕೆ ಹೋದಷ್ಟೂ ಉಪ್ಪೇ ಎಂದು ನಾನು ವಿವರಿಸಿದ ದಿನ ಅವರ ಮುಖ ನೋಡಬೇಕಿತ್ತು. ಬಾಕಿ ಉಳಿಸಿಕೊಂಡ ಗಿರಾಕಿ ಕೊನೆಗೂ ಬಂದು ದುಡ್ಡು ಕೊಟ್ಟ ಹಾಗೆ. ಮಾಲಕರಿಗೆ ಹೋಗಿ ಹೇಳಿದರು. ಮಾಲಕರು ಕೇಳಲಿಲ್ಲ, ಬೋರ್ ಹೊಡೆಸಿದರು, ಉಪ್ಪುನೀರೇ ಬಂತು. "ನಾನು ಏನೂ ಹೇಳ್ಲಿಲ್ಲ ಮೇಡಂ. ಅವರಿಗೆ ಒಂದು ಗ್ಲಾಸ್ ನೀರು ಕೊಟ್ಟೆ, ಅಷ್ಟೇ" ಎಂದು ನಕ್ಕರು.

ಆ ವರ್ಷ ಕಳವಾದ ಹಿಂದಿನ ಗುಡ್ಡಕ್ಕೆ ಕಲ್ಲು ನೋಡಲು ತರಗತಿಯನ್ನು ಕರೆದುಕೊಂಡು ಹೋಗಿದ್ದೆ. ಅವರು ದೊಡ್ಡ ಸ್ಟೀಲಿನ ಡಬ್ಬಿ ಹೊತ್ತು ಬಂದಿದ್ದರು. ಲಾವಾದೊಳಗಿನ ಗಾಳಿ ಹೊರಬರುವಾಗ ಕಲ್ಲಿನಲ್ಲಿ ತೂತುಗಳಾಗುತ್ತವೆ ಎಂದು ನಾನು ಇಂಗ್ಲಿಷಿನ ಉದ್ದುದ್ದ ಪದಗಳಲ್ಲಿ ಹೇಳುತ್ತಿದ್ದೆ. ಹಿಂದಿನಿಂದ ಮರುದನಿ ಬರಲಿಲ್ಲ. ತಿರುಗಿ ನೋಡಿದರೆ ಅವರು ಡಬ್ಬಿ ಬಿಚ್ಚಿ, ಒಂದು ಇಡ್ಲಿಯನ್ನು ಎರಡು ಹೋಳು ಮಾಡಿ, ಕಲ್ಲಿನ ಪಕ್ಕ ಹಿಡಿದು ನಿಂತಿದ್ದರು. "ಇದೇ ಅಲ್ವಾ ಮೇಡಂ? ಹುಳಿ ಬಂದ ಹಿಟ್ಟು ಬೇಯುವಾಗ ಗಾಳಿ ಹೊರಗೆ ಬರ್ತದೆ, ತೂತು ಉಳೀತದೆ. ಆ ತೂತಿಗೆ ಆಮೇಲೆ ಚಟ್ನಿ ಇಳೀತದೆ." ಕಲ್ಲಿನ ತೂತುಗಳಲ್ಲಿ ಆಮೇಲೆ ತುಂಬಿಕೊಂಡ ಬಿಳಿಯ ಹರಳುಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಎಲ್ಲರಿಗೂ ಒಂದೇ ಏಟಿಗೆ ತಿಳಿಯಿತು. ಆ ಪಾಠವನ್ನು ನಾನು ಇಂದಿಗೂ ಇಡ್ಲಿಯಿಂದಲೇ ಶುರು ಮಾಡುತ್ತೇನೆ.

ಮುಂದೆ ಅವರು ವರ್ಷಕ್ಕೊಂದು ಕೋರ್ಸು ಹಿಡಿದರು. ಗ್ರಾಹಕರ ಕಾನೂನು, ಮರಾಠಿಯ ಹಳೆಯ ಮೋಡಿ ಲಿಪಿ, ನಕ್ಷತ್ರ ವೀಕ್ಷಣೆ. ಒಂದು ವರ್ಷಕ್ಕೆ ಒಂದು ಪ್ರಶ್ನೆ, ಒಂದು ಪ್ರಶ್ನೆಗೆ ಒಂದು ಕೋರ್ಸು. ಮತ್ತೆ ಸುತ್ತಿ ನನ್ನಲ್ಲಿಗೇ ಬಂದರು. ಒಮ್ಮೆಯೂ ಪರೀಕ್ಷೆಗೆ ಕೂರಲಿಲ್ಲ. ಒಂದು ಸರ್ಟಿಫಿಕೇಟಾದರೂ ಸಿಗುತ್ತಿತ್ತಲ್ಲ ಅಂದರೆ, "ಊಟ ಮಾಡಿದವ ಎಲೆ ಮನೆಗೆ ತಕ್ಕೊಂಡು ಹೋಗ್ತಾನಾ ಮೇಡಂ?" ಅನ್ನುತ್ತಿದ್ದರು. ಎಷ್ಟು ದೊಡ್ಡ ಮಾತು ಎಂದು ನಾನು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅದರ ಹಿಂದೆ ಹೆದರಿಕೆ ಇದೆಯೆಂದು ನನಗೆ ಹೊಳೆಯಲೇ ಇಲ್ಲ.

ಅದು ತಿಳಿದದ್ದು ನಿಯಮ ಬದಲಾದ ವರ್ಷ. ಕನಿಷ್ಠ ಹತ್ತು ಜನ ಪರೀಕ್ಷೆ ಬರೆಯದ ಕೋರ್ಸನ್ನು ಮುಂದಿನ ವರ್ಷದಿಂದ ಮುಚ್ಚುವುದು ಎಂದು ಸೂಚನೆ ಬಂತು. ಪಾಸಾಗಲೇಬೇಕೆಂದಿಲ್ಲ, ಬರೆದರೆ ಸಾಕು. ನನ್ನಲ್ಲಿ ಹೆಸರು ಕೊಟ್ಟವರು ಒಂಬತ್ತು. ಆ ಹೊತ್ತಿಗೆ ಆ ಶನಿವಾರದ ಎರಡು ಗಂಟೆ ನನ್ನ ವಾರದ ಜೀವವಾಗಿತ್ತು. ಮಾರ್ಕಿಗಾಗಿ ಅಲ್ಲದೆ ಪಾಠಕ್ಕಾಗಿಯೇ ಬರುವ ಜನ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ನೇರ ಕಳವಾಕ್ಕೆ ಹೋಗಿ ಅವರ ಹೋಟೆಲಿನಲ್ಲಿ ಕುಳಿತೆ. ಆರನೇ ಟೇಬಲು.

"ಅಣ್ಣ, ನೀವು ಬರೀಬೇಕು. ಇಲ್ದಿದ್ರೆ ನಮ್ಮ ಕ್ಲಾಸ್ ಮುಚ್ತದೆ."

ಅವರು ಟೇಬಲು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಎದುರಿಗೆ ಕುಳಿತರು. ಅವರು ಆ ಹೋಟೆಲಿನಲ್ಲಿ ಗಿರಾಕಿಯ ಎದುರು ಕುಳಿತದ್ದನ್ನು ನಾನು ಅದೇ ಮೊದಲು ಕಂಡದ್ದು.

"ಹತ್ತನೇ ಕ್ಲಾಸಲ್ಲಿ ಇಂಗ್ಲಿಷ್ ಪೇಪರಿನ ದಿನ ನನಗೆ ಎಲ್ಲ ಬರ್ತಿತ್ತು ಮೇಡಂ. ಬಾಯಲ್ಲಿ ಇತ್ತು. ಕೈಗೆ ಬರ್ಲಿಲ್ಲ. ಮೂರು ಗಂಟೆ ಖಾಲಿ ಕಾಗದ ನೋಡ್ತಾ ಕೂತೆ. ಫೇಲಾಗಿ ಬೊಂಬಾಯಿಗೆ ಬಂದದ್ದು ಹಾಗೆ. ಈಗ್ಲೂ ಬಿಳಿ ಕಾಗದ ಕಂಡ್ರೆ ಎದೆ ಧಸಕ್ ಅಂತದೆ. ಅದಕ್ಕೇ ನಾನು ಆರ್ಡರ್ ಬರಿಯೂದಿಲ್ಲ. ಜನ ಹುಷಾರಿ ಅಂತ ಎಣಿಸ್ತಾರೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ದುಡ್ಡು ಎಣಿಸುವ ಗಲ್ಲೆಯ ಮೇಲಿದ್ದ ಆರ್ಡರ್ ಚೀಟಿಯ ಪುಸ್ತಕ ತಂದು ಅವರ ಮುಂದೆ ಇಟ್ಟೆ. "ಬಿಳಿ ಕಾಗದ ಬೇಡ. ಇದರಲ್ಲಿ ಬರೀರಿ. ನಾನು ಗಿರಾಕಿ. ಒಂದು ಉಪ್ಪುನೀರು" ಅಂದೆ.

ಕಿವಿಯಿಂದ ಪೆನ್ಸಿಲ್ ಇಳಿಯಿತು. ಹಸಿರು ಚೀಟಿಯ ಮೇಲೆ, ಕನ್ನಡದಲ್ಲಿ, ಉಪ್ಪುನೀರು ಯಾಕೆ ಬರುತ್ತದೆ ಎಂದು ಆರು ಸಾಲು ಬರೆದರು. ಅಕ್ಷರ ಸೊಟ್ಟಗಿದ್ದವು, ವಿಷಯ ನೆಟ್ಟಗಿತ್ತು. ಗಲ್ಲೆಯಲ್ಲಿದ್ದ ಮಾಲಕರು ಬಾಯಿ ಬಿಟ್ಟು ನೋಡುತ್ತಿದ್ದರು. ಅಲ್ಲಿಂದ ಒಂದೂವರೆ ತಿಂಗಳು, ಮಧ್ಯಾಹ್ನದ ಊಟ ಮುಗಿದು ಹೋಟೆಲು ತಣ್ಣಗಾದ ಹೊತ್ತಿಗೆ ವಾರಕ್ಕೆರಡು ಸಲ ಹೋಗಿ ನಾನು ಆರ್ಡರ್ ಕೊಟ್ಟೆ. ಅವರು ಬರೆದರು. ಕನ್ನಡದಲ್ಲಿ ಬರೆಯಲು ಒಪ್ಪಿಗೆಯನ್ನೂ ತಂದೆ. "ಪೇಪರ್ ತಪಾಸಣೆ ನೀವೇ ಮಾಡುವುದಾದರೆ ಚೀನೀ ಭಾಷೆಯಲ್ಲಿ ಬರೆದರೂ ನನ್ನ ತಕರಾರಿಲ್ಲ" ಅಂದರು ವಿಭಾಗದ ಮುಖ್ಯಸ್ಥರು.

ಪರೀಕ್ಷೆ ಎರಡೂವರೆಯಿಂದ ಐದೂವರೆ. ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. ನಾನು ಬಾಗಿಲ ಬಳಿ ನಿಂತಿದ್ದೆ. ಅವರು ಬೆಂಚು ಒರೆಸಿ ಕುಳಿತರು. ಉತ್ತರಪತ್ರಿಕೆ ಬಂದಾಗ ಅದರ ಮೇಲೆ ಜೇಬಿನಿಂದ ಒಂದು ಹಸಿರು ಚೀಟಿ ತೆಗೆದು ಇಟ್ಟರು. ಮೇಲ್ವಿಚಾರಕರು ಹದ್ದಿನ ಹಾಗೆ ಬಂದು ತಿರುಗಿಸಿ ನೋಡಿದರು. ಖಾಲಿ ಚೀಟಿ. ಧೈರ್ಯಕ್ಕೆ ತಂದದ್ದು. ಬರೆಯಲು ತೊಡಗಿದರು.

ಯಾರೋ ಹೆಚ್ಚಿನ ಹಾಳೆಗಾಗಿ ಕೈ ಎತ್ತಿದರು. ನಮ್ಮವರು ತಟ್ಟನೆ ಎದ್ದು ನಿಂತರು. ಕೈ ಎತ್ತಿದ್ದನ್ನು ಕಂಡೂ ಕುಳಿತಿರುವುದು ಅವರ ಕಾಲಿಗೆ ಗೊತ್ತಿಲ್ಲ. "ಕಾಕಾ, ಬಸಾ" ಎಂದು ಮೇಲ್ವಿಚಾರಕರು ಕೂರಿಸಿದರು. ಇನ್ನೊಂದು ಕೈ ಎದ್ದಿತು, ಇವರೂ ಎದ್ದರು. ಮೂರನೆಯ ಸಲಕ್ಕೆ ಇಡೀ ಕೋಣೆ ನಕ್ಕಿತು, ಅವರೂ ನಕ್ಕರು. ನಕ್ಕ ಮೇಲೆ ಕೈ ಸಲೀಸಾಗಿ ಓಡಿತು. ನಾನು ಗೆದ್ದೆ ಅಂದುಕೊಂಡೆ.

ಗೋಡೆಯ ಗಡಿಯಾರ ಐದು ತೋರಿಸಿತು. ಅವರು ಪೆನ್ನು ಮುಚ್ಚಿದರು, ಬೆಂಚು ಒರೆಸಿದರು, ಪತ್ರಿಕೆ ಒಪ್ಪಿಸಿ ಬಾಗಿಲಿಗೆ ಬಂದರು. ಅರ್ಧ ಗಂಟೆ ಬಾಕಿಯಿತ್ತು.

"ಅಣ್ಣ, ಐದೂವರೆವರೆಗೆ ಉಂಟು!"

"ಅಯ್ಯೋ" ಎಂದು ನಿಂತರು. ತಿರುಗಿ ಕೋಣೆಯನ್ನು ನೋಡಿದರು. ಕೊಟ್ಟ ಪತ್ರಿಕೆ ವಾಪಸು ಸಿಗುವುದಿಲ್ಲ. "ಚಹಾದ ಗರ್ದಿಯ ಹೊತ್ತು, ಐದು ಗಂಟೆಗೆ ಕಾಲು ತಾನೇ ಎದ್ದಿತು ಮೇಡಂ. ಕೊನೇದೊಂದು ಉಳೀತು" ಅಂದರು. ನನ್ನ ಮುಖ ನೋಡಿ ತಾವೇ ನನಗೆ ಸಮಾಧಾನ ಹೇಳಿದರು: "ಬರ್ದೆ ಅಲ್ವಾ? ಹತ್ತು ಜನ ಆಯ್ತಲ್ಲ?"

ಹತ್ತು ಜನ ಆಗಿತ್ತು. ಕೋರ್ಸು ಉಳಿಯಿತು.

ಪತ್ರಿಕೆ ತಿದ್ದಲು ಕುಳಿತೆ. ಉಪ್ಪುನೀರಿನ ಪ್ರಶ್ನೆಗೆ ಪುಟ ತುಂಬಿತ್ತು, ಹತ್ತಕ್ಕೆ ಹತ್ತು. ಮಿಕ್ಕವುಗಳಲ್ಲಿ ಪ್ರತಿಯೊಂದೂ ಸರಿ, ಆದರೆ ಪ್ರತಿಯೊಂದೂ ಆರೇ ಸಾಲು, ಹತ್ತಕ್ಕೆ ಮೂರು ನಾಲ್ಕರ ಮೇಲೆ ಕೊಡಲಾಗದಷ್ಟು ಚಿಕ್ಕದು. ಚೀಟಿಯ ಅಳತೆ ಮೀರಿ ಕೈ ಹೋಗಿರಲಿಲ್ಲ. ಅದು ನಾನೇ ಕಲಿಸಿದ ಅಳತೆ. ಉಳಿದುಹೋದ ಕೊನೆಯ ಪ್ರಶ್ನೆ ಯಾವುದು ಎಂದು ನೋಡಿದೆ. ಕಪ್ಪುಕಲ್ಲಿನಲ್ಲಿ ತೂತುಗಳೇಕೆ, ಅವುಗಳಲ್ಲಿ ಬಿಳಿಹರಳು ಹೇಗೆ? ಗುಡ್ಡದ ಮೇಲೆ ಇಡ್ಲಿ ಮುರಿದು ನನಗೆ ಕಲಿಸಿದವರ ಪತ್ರಿಕೆಯಲ್ಲಿ ಆ ಜಾಗ ಖಾಲಿ.

ಕೂಡಿಸಿದಾಗ ಮೂವತ್ತೇಳು. ಪಾಸಿಗೆ ನಲವತ್ತು.

ಮುಖ್ಯಸ್ಥರು ನೋಡಿ, "ಮೂರು ಹಾಕಿ ಮುಗಿಸಿ. ಬಿಚಾರಾ ವೇಟರ್ ಹೈ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ 'ಬಿಚಾರಾ' ಎಂಬ ಮಾತು ಕೇಳಿಯೇ ನನ್ನ ತಲೆ ಕೆಟ್ಟಿತು. ಪಾಪ ಅನ್ನಿಸಿಕೊಳ್ಳಲು ಆ ಮನುಷ್ಯ ಖಾಡಿ ದಾಟಿ ಬಂದವರಲ್ಲ. ಮೂವತ್ತೇಳನ್ನೇ ಮಸಿಯಲ್ಲಿ ಬರೆದು ಸಹಿ ಹಾಕಿದೆ.

ಅಂಕಪಟ್ಟಿ ನಾನೇ ಕೊಟ್ಟೆ. ಅವರು ಓದಿ, "ಮೂವತ್ತೇಳು" ಎಂದು ಮೆಲ್ಲಗೆ ವಾಪಸ್ ಹೇಳಿದರು, ಆರ್ಡರ್ ಹೇಳುವ ಹಾಗೆಯೇ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಬರ್ತೇನೆ ಮೇಡಂ" ಅಂದರು. ಮುಂದಿನ ವರ್ಷ ಬರಲಿಲ್ಲ. ಹೋಟೆಲಿಗೆ ಹೋಗಿ ವಿಚಾರಿಸಿದೆ. ಮೊಣಕಾಲು ಕೈಕೊಟ್ಟು ಕೆಲಸ ಬಿಟ್ಟಿದ್ದರು, ಟಿಟ್ವಾಳಾದಲ್ಲಿ ಮನೆ ಮಾಡಿದ್ದರು. ನನ್ನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು, ಅವರಿಗೆ ಮುಟ್ಟಿಸಿ ಎಂದು ಗಲ್ಲೆಯಲ್ಲಿ ಕೊಟ್ಟು ಬಂದೆ. ಫೋನ್ ಬರಲಿಲ್ಲ. ನನಗೂ ನವಿ ಮುಂಬಯಿಯ ಕಾಲೇಜೊಂದರಲ್ಲಿ ಕಾಯಂ ಕೆಲಸ ಸಿಕ್ಕಿತು. ಮೊಣಕಾಲು ನಿಜವೇ ಇರಬಹುದು. ಆದರೆ ಆ ಮೂರು ಅಂಕ ನನ್ನನ್ನು ಬಿಡಲಿಲ್ಲ. ಬದುಕಿನಲ್ಲಿ ಎರಡೇ ಸಲ ದೊಡ್ಡ ಪರೀಕ್ಷೆಗೆ ಕುಳಿತ ಮನುಷ್ಯನನ್ನು ಎರಡನೆಯ ಸಲ ಫೇಲು ಮಾಡಿದವಳು ನಾನು. ನನ್ನ ಸಿಟ್ಟಿಗೆ ಅವರು ಬೆಲೆ ತೆತ್ತರೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಫೋನ್ ಮಾಡಬೇಡವೆನ್ನಿಸುವಷ್ಟು ನೊಂದರೇ ಎಂದೂ.

ಹದಿಮೂರನೆಯ ದಿನ ಕಳೆದ ಮೇಲೆ ಟಿಟ್ವಾಳಾಕ್ಕೆ ಹೋದೆ. ನಾಲ್ಕನೆಯ ಮಹಡಿ, ಎರಡು ಕೋಣೆಯ ಮನೆ. ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ ಆಪ್ ಕೀ ಬಹುತ್ ಬಾತೇಂ ಕರ್ತೇ ಥೇ" ಅಂದಳು, ಅಪ್ಪ ನಿಮ್ಮ ವಿಷಯ ತುಂಬ ಹೇಳುತ್ತಿದ್ದರು ಎಂದು. ಪ್ರತಿ ಜೂನಿನಲ್ಲಿ ಈ ವರ್ಷ ಕ್ಲಾಸಿಗೆ ಹೋಗುತ್ತೇನೆ ಅನ್ನುತ್ತಿದ್ದರಂತೆ. ಸ್ಟೇಶನ್ನಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲವಂತೆ. ನನ್ನ ನಂಬರಿನ ಚೀಟಿ ಅವರಿಗೆ ಮುಟ್ಟಿತ್ತು. ಫೋನ್ ಯಾಕೆ ಮಾಡುವುದಿಲ್ಲ ಅಂದರೆ, "ಪಾಸಾದ ಮೇಲೆ ಮಾಡ್ತೇನೆ" ಅನ್ನುತ್ತಿದ್ದರಂತೆ.

ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ನನ್ನ ಮೇಲೆ ಬೇಸರ ಇತ್ತಾ ಅವರಿಗೆ? ಮೂರು ಮಾರ್ಕು ನಾನು ಕೊಡ್ಬಹುದಿತ್ತು. ಕೊಡ್ಲಿಲ್ಲ."

ಅವಳು ಎದ್ದು ದೇವರ ಮಂಟಪದ ಪಕ್ಕಕ್ಕೆ ಹೋದಳು. ಅಲ್ಲಿ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ಚೌಕಟ್ಟು. ತೆಗೆದು ಸೆರಗಿನಿಂದ ಒರೆಸಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟಳು. ನಾಲ್ಕು ಮಡಿಕೆಯ ಗೆರೆಗಳಿದ್ದ ಅಂಕಪಟ್ಟಿ. ಕೆಳಗೆ 'ಅನುತ್ತೀರ್ಣ' ಎಂದಿತ್ತು, ಅದರ ಕೆಳಗೆ ನನ್ನ ಸಹಿ. ಎಲೆ ಮನೆಗೆ ಒಯ್ಯುವುದಿಲ್ಲ ಅಂದಿದ್ದವರು ಇದೊಂದು ಎಲೆಯನ್ನು ಒಯ್ದಿದ್ದರು.

"ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು" ಎಂದು ಹಿಂದಿಯಲ್ಲಿಯೇ ಹೇಳಿದಳು. "ಫೇಲಾದದ್ದನ್ನು ಯಾಕೆ ತೋರಿಸ್ತೀರಿ ಎಂದು ಅಮ್ಮ ರೇಗಿದರೆ ಅವರದ್ದು ಒಂದೇ ಮಾತು."

ಆ ಮಾತನ್ನು ಅವಳು ಹಿಂದಿಯಲ್ಲಿ ಹೇಳಲಿಲ್ಲ. ಅಪ್ಪ ಹೇಳಿದ ಹಾಗೆಯೇ, ಅವರದೇ ಸಣ್ಣ ದನಿಯಲ್ಲಿ, ಕನ್ನಡದಲ್ಲಿ ವಾಪಸ್ ಹೇಳಿದಳು:

"ಇದು ನೀರು ಹಾಕದ ಮೂವತ್ತೇಳು."